ಅಪ್ಪನ ಸ್ಪ್ಲೆಂಡರ್ ಓಡಿಸಬೇಕು, ಸ್ಕೂಟಿ ಲೈಸೆನ್ಸ್ ಸಾಕಾಗಲ್ವಂತೆ. ಕಲಬುರಗಿಯವರು ಸ್ವಲ್ಪ ದಾರಿ ಹೇಳಿ

ಬೇವಿನಗಿಡ | ಫೆಬ್ರವರಿ 9

ಎಲ್ಲರಿಗೂ ನಮಸ್ಕಾರ. ನಾನು ಸ್ಟಾಫ್ ನರ್ಸ್, ವಯಸ್ಸು 29. ಮನೆ ಕಲಬುರಗಿಯಲ್ಲಿ. ಡ್ಯೂಟಿ ಆಳಂದ ರಸ್ತೆ ಕಡೆ ಒಂದು ಹಳ್ಳಿಯಲ್ಲಿ, ಮನೆಯಿಂದ 18 ಕಿಲೋಮೀಟರ್. ಬೆಳಿಗ್ಗೆ ಬಸ್ಸಿದೆ, ಚಿಂತೆ ಇಲ್ಲ. ಸಂಜೆ ಹೊರಡೋ ಹೊತ್ತಿಗೆ ಒಂದು ಹೆರಿಗೆ ಕೇಸ್ ಬಂತೋ, ಬಸ್ ಹೋಯ್ತು ಅಂತಲೇ ಲೆಕ್ಕ. ಆಮೇಲೆ ಟಂಟಂ ಸಿಕ್ಕರೆ ಪುಣ್ಯ.

ಮನೆಯಲ್ಲಿ ಅಪ್ಪನ ಸ್ಪ್ಲೆಂಡರ್ ಇದೆ. 2009ರದ್ದು. ಅಪ್ಪನಿಗೆ ಮೊಣಕಾಲು ನೋವು ಶುರುವಾದ ಮೇಲೆ ಎರಡು ವರ್ಷದಿಂದ ಬೇವಿನ ಗಿಡದ ಕೆಳಗೆ ತಾಡಪತ್ರಿ ಹೊದ್ದು ನಿಂತಿದೆ. ಪ್ರತಿ ಭಾನುವಾರ ತಮ್ಮನ ಕೈಯಲ್ಲಿ ಕಿಕ್ ಹೊಡೆಸಿ ಐದು ನಿಮಿಷ ಚಾಲು ಇಡಿಸುತ್ತಾರೆ. ಅಷ್ಟೇ ಅದರ ಬಾಳು.

ನನಗೆ ಓಣಿಯಲ್ಲಿ ಸ್ಕೂಟಿ ಓಡಿಸಿ ಗೊತ್ತು. ಲೈಸೆನ್ಸ್ ಇಲ್ಲ. ಗೇರ್ ಗಾಡಿ ಮುಟ್ಟಿಯೂ ಇಲ್ಲ. ಗೆಳತಿಯ ಸ್ಕೂಟಿ ಮೇಲೆ ಟೆಸ್ಟ್ ಕೊಟ್ಟು ಆ ಲೈಸೆನ್ಸ್ ಮೇಲೆ ಸ್ಪ್ಲೆಂಡರ್ ಓಡಿಸಬಹುದಾ? ಒಬ್ಬ ಏಜೆಂಟ್ 5,000 ಕೇಳಿದ. "ನೀವೇನೂ ತಲೆ ಕೆಡಿಸಿಕೊಳ್ಳಬೇಡಿ ಮೇಡಂ" ಅಂದ. ಆ ಮಾತಿಗೇ ನನಗೆ ತಲೆ ಕೆಟ್ಟಿದೆ. ಇನ್ನೊಂದು, ನನ್ನ ಹೈಟ್ 5 ಅಡಿ. ನಡೆಯುತ್ತಾ?

ಕೆಎ 32 | ಫೆಬ್ರವರಿ 9

ಸಿಸ್ಟರ್, ಆಗಲ್ಲ. ಲೈಸೆನ್ಸ್‌ನಲ್ಲಿ ಗೇರ್ ಇಲ್ಲದ ಗಾಡಿ ಒಂದು ವರ್ಗ, ಗೇರ್ ಇರುವ ಗಾಡಿ ಇನ್ನೊಂದು ವರ್ಗ. ಸ್ಕೂಟಿ ಮೇಲೆ ಟೆಸ್ಟ್ ಕೊಟ್ಟರೆ ಗೇರ್ ಇಲ್ಲದ್ದು ಮಾತ್ರ ಬರುತ್ತದೆ. ಅದನ್ನು ಇಟ್ಟುಕೊಂಡು ಸ್ಪ್ಲೆಂಡರ್ ಓಡಿಸಿದರೆ ಲೈಸೆನ್ಸ್ ಇಲ್ಲದೆ ಓಡಿಸಿದ ಹಾಗೆಯೇ. ಪೊಲೀಸರ ದಂಡ ಬಿಡಿ, ಏನಾದರೂ ಹೆಚ್ಚುಕಮ್ಮಿ ಆದರೆ ಇನ್ಶೂರೆನ್ಸ್‌ನವರು ಮೊದಲು ಕೇಳುವುದೇ ಅದನ್ನು.

ನನ್ನ ತಂಗಿ ಇದೇ ಶಾರ್ಟ್‌ಕಟ್ ಹಿಡಿದಳು. ಎರಡು ವರ್ಷ ಆದ ಮೇಲೆ ಗೇರ್ ಸೇರಿಸಲು ಮತ್ತೆ ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್), ಮತ್ತೆ ಕಾಯುವುದು, ಮತ್ತೆ ಟೆಸ್ಟ್. ಒಂದೇ ಸಲ ಗೇರ್ ಗಾಡಿ ಮೇಲೆ ಕೊಟ್ಟುಬಿಡಿ. ಅದರಲ್ಲಿ ಸ್ಕೂಟಿಯೂ ಓಡಿಸಬಹುದು.

ಎಲ್‌ಎಲ್‌ಆರ್‌ಗೆ ಆರ್‌ಟಿಒ ಆಫೀಸಿಗೆ ಹೋಗುವುದೂ ಬೇಡ. ಸರ್ಕಾರದ ಪರಿವಾಹನ್ ವೆಬ್‌ಸೈಟ್‌ನ ಸಾರಥಿ ಪೋರ್ಟಲ್‌ನಲ್ಲಿ ಆಧಾರ್ ಹಾಕಿ, ರಸ್ತೆ ಸುರಕ್ಷತೆಯ ವಿಡಿಯೋ ನೋಡಿ, ಮನೆಯಲ್ಲೇ ಟೆಸ್ಟ್ ಬರೆಯಬಹುದು. ಕನ್ನಡದಲ್ಲೇ ಇದೆ. ಕ್ಯಾಮೆರಾ ಮುಂದೆ ಮುಖ ಇರಬೇಕು, ನಿಮ್ಮ ತಮ್ಮ ಹಿಂದೆ ನಿಂತು ಉತ್ತರ ಹೇಳಿಕೊಡುವ ಹಾಗಿಲ್ಲ. ಎಲ್‌ಎಲ್‌ಆರ್ 6 ತಿಂಗಳು ನಡೆಯುತ್ತದೆ. ಸಿಕ್ಕ 30 ದಿನದ ನಂತರ ಡ್ರೈವಿಂಗ್ ಟೆಸ್ಟ್‌ಗೆ ಸ್ಲಾಟ್ ಹಿಡಿಯಬಹುದು. ನಿಮಗಿನ್ನೂ 40 ಆಗಿಲ್ಲ, ಹಾಗಾಗಿ ಡಾಕ್ಟರ್ ಸರ್ಟಿಫಿಕೇಟ್ ಬೇಡ, ಆರೋಗ್ಯ ಸರಿ ಇದೆ ಅಂತ ನೀವೇ ಬರೆದುಕೊಟ್ಟರೆ ಸಾಕು.

ದುಡ್ಡು: ಎಲ್‌ಎಲ್‌ಆರ್‌ಗೆ 150, ಅದರ ಟೆಸ್ಟ್‌ಗೆ 50. ಡ್ರೈವಿಂಗ್ ಟೆಸ್ಟ್‌ಗೆ 300, ಡಿಎಲ್‌ಗೆ, ಅಂದರೆ ಪಕ್ಕಾ ಲೈಸೆನ್ಸ್‌ಗೆ 200. ಮೇಲೆ ಕಾರ್ಡು, ಸರ್ವಿಸ್ ಚಾರ್ಜ್ ಅಂತ ಸ್ವಲ್ಪ. ಇನ್ನು ಆ 5,000ದ ಲೆಕ್ಕ ನೀವೇ ಹಾಕಿ.

ಸ್ಟೇಷನ್ ಬಜಾರ್ | ಫೆಬ್ರವರಿ 10

ಲೆಕ್ಕ ಹೇಳುವುದು ಸುಲಭ ರೀ. ಡ್ಯೂಟಿ ಇರುವವರಿಗೆ ರಜೆ ಯಾರು ಕೊಡುತ್ತಾರೆ? ನಾನು ಏಜೆಂಟ್ ಕಡೆಯಿಂದಲೇ ಮಾಡಿಸಿದ್ದು. ಹತ್ತು ವರ್ಷ ಆಯಿತು, ಆರಾಮಾಗಿ ಓಡಿಸುತ್ತಿದ್ದೇನೆ.

ಗ್ಯಾರೇಜ್ ಮಾಮಾ | ಫೆಬ್ರವರಿ 10

ಏಜೆಂಟ್ ಫಾರ್ಮ್ ತುಂಬಿಕೊಡಬಹುದು ಸಾಹೇಬರೆ, ಕ್ಲಚ್ ಹಿಡಿಯಲು ಬರುತ್ತಾನಾ?

ತಂಗಿ, ಹೈಟಿನ ಚಿಂತೆ ಬಿಡು. ಸ್ಪ್ಲೆಂಡರ್ ಹಗುರ ಗಾಡಿ. ಎರಡೂ ಕಾಲು ಪೂರ್ತಿ ನೆಲಕ್ಕೆ ತಾಗಬೇಕಿಲ್ಲ, ಎಡಗಾಲು ಗಟ್ಟಿಯಾಗಿ ಊರಿದರೆ ಸಾಕು. ಬಲಗಾಲು ಬ್ರೇಕ್ ಮೇಲೆ ಇರಲಿ.

ಆದರೆ ನನಗೆ ಬೇರೆ ಡೌಟ್. ಗಾಡಿ 2009ರದ್ದು ಅಂದೆ. ಆರ್‌ಸಿ ನೋಡಿದ್ದೀಯಾ? ಖಾಸಗಿ ಗಾಡಿಯ ರಿಜಿಸ್ಟ್ರೇಷನ್ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆರ್‌ಟಿಒದಲ್ಲಿ ಗಾಡಿ ತೋರಿಸಿ 5 ವರ್ಷಕ್ಕೆ ರಿನ್ಯೂವಲ್ ಮಾಡಿಸಬೇಕು. ಎರಡು ವರ್ಷ ನಿಂತ ಗಾಡಿ ಅಂದರೆ ಇನ್ಶೂರೆನ್ಸ್ ಕೂಡ ಸತ್ತಿರುತ್ತದೆ. ಟೆಸ್ಟ್‌ಗೆ ಒಯ್ಯುವ ಗಾಡಿಗೆ ಆರ್‌ಸಿ, ಇನ್ಶೂರೆನ್ಸ್, ಎಮಿಷನ್ (ಹೊಗೆ) ಸರ್ಟಿಫಿಕೇಟ್ ಮೂರೂ ಚಾಲ್ತಿಯಲ್ಲಿ ಇರಬೇಕು.

ಬೇವಿನಗಿಡ | ಫೆಬ್ರವರಿ 11

ಮಾಮಾ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕೋ ಬೇವು ಹಾಕಬೇಕೋ ತಿಳಿಯುತ್ತಿಲ್ಲ. ಆರ್‌ಸಿ ಕಳೆದ ವರ್ಷವೇ ಮುಗಿದಿದೆ. ಇನ್ಶೂರೆನ್ಸ್ ಅದಕ್ಕೂ ಮೊದಲೇ ಹೋಗಿದೆ. ಅಪ್ಪ ಕಾಗದವನ್ನೆಲ್ಲಾ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಅದನ್ನು ಸ್ವೀಟ್ ಡಬ್ಬದಲ್ಲಿ ಹಾಕಿ, ಡಬ್ಬವನ್ನು ಟ್ರಂಕಿನಲ್ಲಿ ಇಟ್ಟಿದ್ದರು. ಅಷ್ಟು ಜೋಪಾನ, ಆದರೆ ತಾರೀಖು ಮಾತ್ರ ನೋಡಿಲ್ಲ.

ರಿನ್ಯೂವಲ್‌ಗೆ ಅರ್ಜಿ ಹಾಕುತ್ತೇವೆ. ಅಲ್ಲಿವರೆಗೆ ಸೋದರಮಾವನ ಪಲ್ಸರ್ 150 ಮೇಲೆ ಕಲಿಯುತ್ತೇನೆ. ಎಲ್‌ಎಲ್‌ಆರ್ ಟೆಸ್ಟ್ ನಿನ್ನೆ ರಾತ್ರಿ ಪಾಸಾಯಿತು!

ತೊಗರಿ ಕಣಜ | ಫೆಬ್ರವರಿ 12

ಅಭಿನಂದನೆ ಅಕ್ಕಾ. ಮುಂದೆ ಹಿಂದೆ ಎರಡೂ ಕಡೆ ಎಲ್ ಬೋರ್ಡ್ ಹಾಕಿ. ಬಿಳಿ ಹಲಗೆ 18 ಸೆಂಟಿಮೀಟರ್ ಚೌಕ, ಅದರ ಮೇಲೆ ಕೆಂಪು ಎಲ್. ಕಲಿಯುವಾಗ ಹಿಂದೆ ಕೂರುವವರು ಲೈಸೆನ್ಸ್ ಇದ್ದು ಕಲಿಸುವವರೇ ಆಗಿರಬೇಕು. ಗೆಳತಿಯನ್ನು ಕೂರಿಸಿಕೊಂಡು ಸೂಪರ್ ಮಾರ್ಕೆಟ್ ಸುತ್ತುವ ಹಾಗಿಲ್ಲ.

ಕಲಿಯಲು ಜಾಗ ಎಲ್ಲಿ ಅಂತ ಕೇಳಬೇಡಿ, ರಿಂಗ್ ರೋಡ್ ಆಚೆ ಹೊಸ ಲೇಔಟ್‌ಗಳಿವೆಯಲ್ಲ. ರಸ್ತೆ ಇದೆ, ಕಂಬ ಇದೆ, ಮನೆ ಒಂದೂ ಇಲ್ಲ. ಬೆಳಿಗ್ಗೆ 6ಕ್ಕೆ ಹೋಗಿ 8ರ ಒಳಗೆ ಬಂದುಬಿಡಿ. ಮಾರ್ಚ್ ಬಂದರೆ ನಮ್ಮ ಬಿಸಿಲು ಗೊತ್ತಲ್ಲ, ಹೆಲ್ಮೆಟ್ ಒಳಗೆ ತಲೆ ಬೇಯುತ್ತದೆ.

ಬೀದರ್ ಕೋಟೆ | ಫೆಬ್ರವರಿ 12

ಹೆಲ್ಮೆಟ್ ಮಾತು ಬಂತು, ಒಂದು ಹೆಣ್ಣುಮಕ್ಕಳ ಮಾತು. ತುರುಬು ಕಟ್ಟಿಕೊಂಡು ಹೆಲ್ಮೆಟ್ ಹಾಕಬೇಡಿ. ಮುಂದಕ್ಕೆ ಬಾಗಿ ಕಣ್ಣಿಗೆ ಬರುತ್ತದೆ. ಜಡೆ ಕೆಳಗೆ ಇಳಿಬಿಡಿ. ವೇಲ್ ಹಾಕಿದ್ದರೆ ಎರಡೂ ತುದಿ ಹಿಂದೆ ಗಂಟು ಹಾಕಿ ಮೇಲೆ ಜಾಕೆಟ್ ಹಾಕಿ. ಬೀದರ್‌ನಲ್ಲಿ ನಮ್ಮ ಪಕ್ಕದ ಮನೆಯವರ ವೇಲ್ ಚೈನಿಗೆ ಸಿಕ್ಕು ಕುತ್ತಿಗೆಗೆ ಹತ್ತು ದಿನ ಪಟ್ಟಿ ಹಾಕಿದ್ದರು. ಹೆಲ್ಮೆಟ್ ಮೇಲೆ ಐಎಸ್‌ಐ ಗುರುತು, ಐಎಸ್ 4151 ಅಂತ ಇದೆಯಾ ನೋಡಿ ತಗೊಳ್ಳಿ. ರಸ್ತೆ ಬದಿ ಬಿಸಿಲಿಗೆ ಒಣಹಾಕಿ ಮಾರುತ್ತಾರಲ್ಲ, ಅದು ಟೋಪಿ ಅಷ್ಟೇ.

ಸುರಪುರದ ಹುಡುಗ | ಫೆಬ್ರವರಿ 13

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ತಮ್ಮನಿಗೆ 16. ಕಾಲೇಜಿಗೆ ಬೈಕ್ ಬೇಕು ಅಂತ ಹಟ ಹಿಡಿದಿದ್ದಾನೆ. ಅವನಿಗೆ ಏನಾದರೂ ಲೈಸೆನ್ಸ್ ಇದೆಯಾ?

ಕೆಎ 32 | ಫೆಬ್ರವರಿ 13

16ಕ್ಕೆ ಸಿಗುವುದು 50 ಸಿಸಿ ಒಳಗಿನ ಗಾಡಿಗೆ ಮಾತ್ರ. ಈಗ ಅಂಥದ್ದು ಅಂಗಡಿಯಲ್ಲಿ ಎಲ್ಲಿದೆ? ಟಿವಿಎಸ್ ಎಕ್ಸ್‌ಎಲ್ ಕೂಡ 100 ಸಿಸಿ ಆಗಿದೆ. ಗೇರ್ ಬೈಕ್‌ಗೆ 18 ತುಂಬಲೇಬೇಕು. 2019ರಲ್ಲಿ ಕಾಯ್ದೆ ತಿದ್ದಿದ ಮೇಲೆ ಚಿಕ್ಕ ಹುಡುಗ ಸಿಕ್ಕಿಬಿದ್ದರೆ ಪೋಷಕರಿಗೆ, ಗಾಡಿ ಯಾರ ಹೆಸರಲ್ಲಿದೆಯೋ ಅವರಿಗೆ 25,000 ದಂಡ, 3 ವರ್ಷದವರೆಗೆ ಜೈಲು. ಗಾಡಿಯ ರಿಜಿಸ್ಟ್ರೇಷನ್ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ಆಗುವವರೆಗೆ ಎಲ್‌ಎಲ್‌ಆರ್ ಕೂಡ ಸಿಗಲ್ಲ. ಅಪ್ಪನಿಗೆ ಇದನ್ನು ತೋರಿಸು ತಮ್ಮಾ, ಹಟ ಇಳಿಯುತ್ತದೆ.

ಬೇವಿನಗಿಡ | ಫೆಬ್ರವರಿ 23

ಹತ್ತು ದಿನದ ವರದಿ. ಮಾವ ಹಿಂದೆ ಕೂತು ಒಂದೇ ಮಾತು: "ಕ್ಲಚ್ ಬಿಡು, ರೇಸ್ ಕೊಡು." ಬಿಟ್ಟೆ, ಕೊಟ್ಟೆ. ಗಾಡಿ ಕುದುರೆ ಹಾಗೆ ಎದ್ದು ಹಾರಿ ಬಂದ್ ಬಿತ್ತು. ಮೊದಲ ದಿನ 14 ಸಲ ಬಂದ್ ಬಿತ್ತು, ನಾನೇ ಎಣಿಸಿದೆ. ನೇರ ಹೋಗುವುದು ಈಗ ಬರುತ್ತಿದೆ, ನಾಲ್ಕನೇ ಗೇರ್‌ವರೆಗೂ ಹಾಕುತ್ತೇನೆ. ತಿರುಗಿಸುವುದು ಬರುತ್ತಿಲ್ಲ. ನಿಧಾನ ಮಾಡಿದ ಕೂಡಲೇ ಕಾಲು ತಾನಾಗಿ ಕೆಳಗೆ ಹೋಗುತ್ತದೆ. ಪಲ್ಸರ್ ಭಾರ ಬೇರೆ.

ಗ್ಯಾರೇಜ್ ಮಾಮಾ | ಫೆಬ್ರವರಿ 23

ನಿನ್ನ ಮಾವನಿಗೆ ಹೇಳು, ಕ್ಲಚ್ "ಬಿಡುವುದು" ಅಲ್ಲ. ಕ್ಲಚ್‌ನಲ್ಲಿ ಮೂರು ಜಾಗ ಇದೆ. ಪೂರ್ತಿ ಹಿಡಿದದ್ದು, ಪೂರ್ತಿ ಬಿಟ್ಟದ್ದು, ನಡುವೆ ಗಾಡಿ ಕಚ್ಚುವ ಜಾಗ. ಗಾಡಿ ಓಡಿಸುವುದು ಅಂದರೆ ಆ ನಡುವಿನ ಜಾಗ ಗೊತ್ತಿರುವುದು. ಉಳಿದದ್ದೆಲ್ಲಾ ಆಮೇಲೆ.

ನಾಳೆ ಹೀಗೆ ಮಾಡು. ಸಮತಟ್ಟು ಜಾಗ, ಫಸ್ಟ್ ಗೇರ್. ಬಲಗೈ ರೇಸ್ ಮುಟ್ಟಲೇಬಾರದು. ಕ್ಲಚ್ ಒಂದೊಂದು ಎಳೆಯಷ್ಟು ಬಿಡುತ್ತಾ ಬಾ. ಒಂದು ಕಡೆ ಇಂಜಿನ್ ದನಿ ಸ್ವಲ್ಪ ಕೆಳಗೆ ಇಳಿಯುತ್ತದೆ, ಗಾಡಿ ಮುಂದೆ ಮಿಸುಕುತ್ತದೆ. ಅಲ್ಲೇ ಬೆರಳು ನಿಲ್ಲಿಸು. ಗಾಡಿ ಎಮ್ಮೆ ನಡೆದ ಹಾಗೆ ನಡೆಯುತ್ತದೆ. ಮತ್ತೆ ಹಿಡಿ, ನಿಲ್ಲುತ್ತದೆ. ಇದನ್ನು ಐವತ್ತು ಸಲ ಮಾಡು. ಬೇರೇನೂ ಮಾಡಬೇಡ. ಬೇಜಾರಾಗುತ್ತದೆ, ಆದರೂ ಮಾಡು.

ಆಮೇಲೆ ತಿರುವು. ಹಾಫ್ ಕ್ಲಚ್, ಒಂದೇ ಸಮ ರೇಸ್, ಹಿಂದಿನ ಬ್ರೇಕ್ ಮೇಲೆ ಪಾದ ಸುಮ್ನೆ ಒತ್ತಿದ ಹಾಗೆ. ಕಣ್ಣು ಮುಂದಿನ ಗಾಲಿ ಮೇಲೆ ಬೇಡ. ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಕುತ್ತಿಗೆ ತಿರುಗಿಸು. ಗಾಡಿ ಕಣ್ಣಿನ ಹಿಂದೆ ಬರುತ್ತದೆ.

ಸ್ಟೇಷನ್ ಬಜಾರ್ | ಫೆಬ್ರವರಿ 24

ಮತ್ತೆ ಒಂದು ಮಾತು, ಮುಂದಿನ ಬ್ರೇಕ್ ಮುಟ್ಟಲೇಬೇಡಿ. ಹಿಂದಿನದು ಮಾತ್ರ. ಮುಂದಿನದು ಹಿಡಿದರೆ ಪಲ್ಟಿ.

ಗ್ಯಾರೇಜ್ ಮಾಮಾ | ಫೆಬ್ರವರಿ 24

ಇದೊಂದು ಮಾತು ಊರಿಗೆ ಊರೇ ಹೇಳುತ್ತದೆ. ಇದರಿಂದ ಬಿದ್ದವರ ಗಾಡಿ ನಾನು ರಿಪೇರಿ ಮಾಡುತ್ತೇನೆ. ಬ್ರೇಕ್ ಹಾಕಿದಾಗ ಭಾರವೆಲ್ಲಾ ಮುಂದಿನ ಗಾಲಿ ಮೇಲೆ ಬೀಳುತ್ತದೆ, ಹಾಗಾಗಿ ಗಾಡಿಯನ್ನು ನಿಲ್ಲಿಸುವ ಶಕ್ತಿ ಜಾಸ್ತಿ ಇರುವುದು ಮುಂದೆಯೇ. ಹಿಂದಿನದೊಂದನ್ನೇ ಒತ್ತಿದರೆ ಗಾಲಿ ಲಾಕ್ ಆಗಿ ಬಾಲ ಜಾರುತ್ತದೆ. ಎರಡೂ ಒಟ್ಟಿಗೆ ಹಿಡಿಯಬೇಕು, ಮುಂದಿನದನ್ನು ಹಿಂಡಿದ ಹಾಗೆ, ಥಟ್ಟಂತ ಎಳೆದ ಹಾಗಲ್ಲ.

ನಿಮ್ಮ ಮಾತು ಒಂದು ಕಡೆ ಮಾತ್ರ ಖರೆ. ಮರಳು, ಖಡಿ, ಹಸಿ ಮಣ್ಣಿನ ಮೇಲೆ ಹ್ಯಾಂಡಲ್ ತಿರುಗಿಸಿಕೊಂಡು ಮುಂದಿನ ಬ್ರೇಕ್ ಹಿಡಿದರೆ ನೆಲಕ್ಕೆ ಮುತ್ತು.

ತೊಗರಿ ಕಣಜ | ಫೆಬ್ರವರಿ 24

ಆಳಂದ ರಸ್ತೆ ಅಂದಿರಲ್ಲ ಅಕ್ಕಾ, ಇನ್ನೂ ಕಬ್ಬಿನ ಸೀಜನ್ ಇದೆ. ಟ್ರ್ಯಾಕ್ಟರ್ ಹಿಂದೆ ಎರಡೆರಡು ಟ್ರಾಲಿ, ಲೈಟೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ರಾತ್ರಿ ಎದುರಿನ ಗಾಡಿಯ ಬೆಳಕು ಕಣ್ಣಿಗೆ ಬಿದ್ದಾಗ ನಿಮ್ಮ ಮುಂದೆ ಟ್ರಾಲಿ ಇದ್ದರೂ ಕಾಣಲ್ಲ. ಎದುರಿನ ಲೈಟ್ ನೋಡಬೇಡಿ, ಎಡಗಡೆ ರಸ್ತೆಯ ಅಂಚು ನೋಡಿಕೊಂಡು ನಿಧಾನ ಮಾಡಿ.

ರೈತನಾಗಿ ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ರಾಶಿ ಟೈಮಲ್ಲಿ ನಾವು ತೊಗರಿ, ಕಡಲೆ ರಸ್ತೆ ಮೇಲೆ ಹಾಕುತ್ತೇವೆ. ಹೊಟ್ಟಿನ ಕೆಳಗೆ ಕಾಳು ಇರುತ್ತದೆ, ಗಾಲಿ ಕೆಳಗೆ ಗೋಲಿ ಉರುಳಿದ ಹಾಗೆ. ಅದರ ಮೇಲೆ ಬ್ರೇಕ್ ಬೇಡ, ತಿರುವೂ ಬೇಡ. ಮೊದಲೇ ನಿಧಾನ ಮಾಡಿ ನೇರ ದಾಟಿಬಿಡಿ. ಎಮ್ಮೆ ಅಡ್ಡ ಬಂದರೆ ಅದರ ಬಾಲದ ಕಡೆಯಿಂದ ಹೋಗಿ. ಎಮ್ಮೆ ಹಿಂದೆ ಸರಿಯುವುದು ನಾನಂತೂ ನೋಡಿಲ್ಲ.

ಬೇವಿನಗಿಡ | ಮಾರ್ಚ್ 16

ಆರ್‌ಸಿ ರಿನ್ಯೂವಲ್ ಆಯಿತು! ಗಾಡಿ ತೋರಿಸುವ ಮೊದಲು ಎರಡೂ ಟೈರು, ಬ್ಯಾಟರಿ, ಇಂಡಿಕೇಟರ್ ಬಲ್ಬ್ ಹಾಕಿಸಿದೆವು. ಇನ್ಶೂರೆನ್ಸ್, ಎಮಿಷನ್ ಎರಡೂ ಆಯಿತು. ಟೆಸ್ಟ್ ಸ್ಲಾಟ್ 27ಕ್ಕೆ.

ಮಾಮಾ ಹೇಳಿದ ಐವತ್ತು ಸಲದ್ದು ಮೂರು ದಿನ ಮಾಡಿದೆ. ಈಗ ಎಡಗೈಗೆ ಆ ಜಾಗ ಗೊತ್ತಾಗಿದೆ. ಹೇಳಲು ಬರಲ್ಲ, ಆದರೆ ಗೊತ್ತು. ಸೂಜಿ ನರದೊಳಗೆ ಹೋದಾಗ ಕೈಗೆ ಗೊತ್ತಾಗುತ್ತದಲ್ಲ, ಹಾಗೆ.

ಇವತ್ತು ಅಪ್ಪ ಲೇಔಟಿಗೆ ಬಂದರು. ಅವ್ವನ ರಂಗೋಲಿ ಡಬ್ಬಿ ತಂದು, ನೋವಿರುವ ಕಾಲು ಎಳೆಯುತ್ತಾ ಟೆಸ್ಟ್‌ನಲ್ಲಿ ಕಾಲು ಇಡದೆ ಗಾಡಿ ಹೊಡೆಯಬೇಕಾದ 8 ಇದೆಯಲ್ಲ, ಅದನ್ನು ಡಾಂಬರ್ ಮೇಲೆ ದೊಡ್ಡದಾಗಿ ಬರೆದರು. ಸೊಟ್ಟಗಿತ್ತು, ಒಂದು ಹೊಟ್ಟೆ ದೊಡ್ಡದು, ಒಂದು ಸಣ್ಣದು. "ಸಣ್ಣದರಲ್ಲಿ ತಿರುಗಿದರೆ ಆಯಿತು, ದೊಡ್ಡದು ಲೆಕ್ಕವೇ ಅಲ್ಲ" ಅಂದರು. ಬೇಕಂತಲೇ ಹಾಗೆ ಬರೆದರೋ, ಹಾಗೆ ಬಂತೋ, ಕೇಳಲಿಲ್ಲ. ಡಬ್ಬಿ ಖಾಲಿ ಆದದ್ದಕ್ಕೆ ಮನೆಯಲ್ಲಿ ಇಬ್ಬರಿಗೂ ಬೈಗುಳ.

ಕೆಎ 32 | ಮಾರ್ಚ್ 16

ಅಪ್ಪನವರಿಗೆ ಒಂದು ಸಲಾಂ. ಕೈ ಸನ್ನೆಗಳನ್ನೂ ನೋಡಿಕೊಳ್ಳಿ, ಬಲಕ್ಕೆ, ಎಡಕ್ಕೆ, ನಿಲ್ಲಿಸುವುದು. ಬ್ರೇಕ್ ಇನ್‌ಸ್ಪೆಕ್ಟರ್ ಕೇಳಬಹುದು. ಹೆಲ್ಮೆಟ್ ಮರೆಯಬೇಡಿ.

ಬೇವಿನಗಿಡ | ಮಾರ್ಚ್ 27

ಫೇಲ್.

8 ಪೂರ್ತಿ ಹೊಡೆದೆ, ಕಾಲು ಇಡಲಿಲ್ಲ. ಸಾಹೇಬರು "ಈಗ ನೇರ ಹೋಗಿ, ಗೇರ್ ಹಾಕಿ ತೋರಿಸಿ" ಅಂದರು. ಒಂದೂವರೆ ತಿಂಗಳಲ್ಲಿ ಜಾಸ್ತಿ ಕಲಿತದ್ದು ಪಲ್ಸರ್ ಮೇಲೆ. ಅದರಲ್ಲಿ ಒಂದು ಗೇರ್ ಕೆಳಗೆ, ಉಳಿದದ್ದೆಲ್ಲಾ ಮೇಲೆ. ಸ್ಪ್ಲೆಂಡರ್‌ನಲ್ಲಿ ನಾಲ್ಕೂ ಕೆಳಗೆ ಒತ್ತುವುದು. ಗಾಬರಿಯಲ್ಲಿ ಸೆಕೆಂಡ್ ಹಾಕಲು ಬೆರಳಿಂದ ಮೇಲೆ ಎತ್ತಿದೆ. ನ್ಯೂಟ್ರಲ್ ಆಯಿತು. ರೇಸ್ ಕೊಟ್ಟರೆ ಗಾಡಿ ಗುರ್ ಅನ್ನುತ್ತದೆ, ಮುಂದೆ ಹೋಗಲ್ಲ. ವಾಲಿತು, ಕಾಲಿಟ್ಟೆ, ಬಂದ್ ಬಿತ್ತು. ಸಾಹೇಬರು ಬೈಯಲಿಲ್ಲ. "ಗಾಡಿ ರೂಢಿ ಮಾಡಿಕೊಂಡು ಬಾರಮ್ಮ" ಅಂದರು. ತಪ್ಪು ನನ್ನದೇ. 8 ಒಂದೇ ಕಲಿತೆ, ಅದರ ಆಚೆ ರಸ್ತೆ ಇದೆ ಅನ್ನುವುದೇ ಮರೆತಿದ್ದೆ.

ಸ್ಟೇಷನ್ ಬಜಾರ್ | ಮಾರ್ಚ್ 27

ನಾನು ಮೊದಲೇ ಹೇಳಿದ್ದೆ ಅಲ್ವಾ, 5,000 ಕೊಟ್ಟಿದ್ದರೆ ಇವತ್ತು ಸ್ವೀಟ್ ಹಂಚುತ್ತಿದ್ದಿರಿ.

ಬೀದರ್ ಕೋಟೆ | ಮಾರ್ಚ್ 27

ಸ್ವೀಟ್ ಹಂಚಿ ಮರುದಿನ ಕಬ್ಬಿನ ಟ್ರಾಲಿ ಮುಂದೆ ನ್ಯೂಟ್ರಲ್‌ಗೆ ಬಿದ್ದಿದ್ದರೆ? ಟ್ರ್ಯಾಕಿನಲ್ಲೇ ಗೊತ್ತಾಯಿತಲ್ಲ, ಒಳ್ಳೆಯದಾಯಿತು ಬಿಡಿ. 7 ದಿನ ಕಳೆದು ಮತ್ತೆ ಟೆಸ್ಟ್ ಕೊಡಬಹುದು, ಟೆಸ್ಟ್ ಫೀ ಮತ್ತೆ ಕಟ್ಟಬೇಕು. ಮೂರು ಸಲ ಹೋದರೆ ಮಾತ್ರ 60 ದಿನ ಕಾಯಬೇಕು. ನಾನು ಎರಡನೇ ಸಲಕ್ಕೆ ಪಾಸಾದವಳು. ಮನೆಯವರಿಗೆ ಇವತ್ತಿಗೂ ಮೊದಲ ಸಲ ಅಂತಲೇ ಹೇಳಿದ್ದೇನೆ.

ಗ್ಯಾರೇಜ್ ಮಾಮಾ | ಮಾರ್ಚ್ 28

ಇನ್ನು ಪಲ್ಸರ್ ಮುಟ್ಟಬೇಡ. ಗಾಡಿ ಡಬಲ್ ಸ್ಟ್ಯಾಂಡ್ ಮೇಲೆ ಹಾಕಿ, ಇಂಜಿನ್ ಬಂದ್ ಮಾಡಿ, ಹಿಂದಿನ ಗಾಲಿ ಕೈಯಿಂದ ತಿರುಗಿಸುತ್ತಾ ಗೇರ್ ಹಾಕಿ ನೋಡು. ಕೂತು, ಕಣ್ಣು ಮುಚ್ಚಿ, ಪಾದದ ಮುಂಭಾಗ ಒತ್ತಿದರೆ ಏರಿಕೆ, ಹಿಮ್ಮಡಿ ಒತ್ತಿದರೆ ಇಳಿಕೆ. ಹಿಮ್ಮಡಿಯ ಲಿವರ್ ಇರುವುದು ಅದಕ್ಕೇ. ಬೆರಳಿಂದ ಎತ್ತುವ ಚಟವೇ ಹೋಗುತ್ತದೆ.

ಬೇವಿನಗಿಡ | ಏಪ್ರಿಲ್ 8

ಪಾಸ್! ಬೆಳಿಗ್ಗೆಯೇ ಬಿಸಿಲು ಸುಡುತ್ತಿತ್ತು. ಹಿಮ್ಮಡಿ, ಪಾದ, ಹಿಮ್ಮಡಿ, ಪಾದ ಅಂತ ಬಾಯಲ್ಲೇ ಜಪ ಮಾಡುತ್ತಾ ಹೊಡೆದೆ. ನನಗಿನ್ನೂ 30 ಆಗಿಲ್ಲ, ಹಾಗಾಗಿ ಡಿಎಲ್ 40 ವರ್ಷ ತುಂಬುವವರೆಗೆ. ಕಾರ್ಡು ಅಂಚೆಯಲ್ಲಿ ಬರುತ್ತದಂತೆ.

ಕೆಎ 32 | ಏಪ್ರಿಲ್ 8

ಅದು ಬರುವವರೆಗೆ ಡಿಜಿಲಾಕರ್‌ನಲ್ಲಿ ಇಳಿಸಿಕೊಳ್ಳಿ, ಪೊಲೀಸರು ಕೇಳಿದರೆ ಅದನ್ನೇ ತೋರಿಸಬಹುದು, ಕಾನೂನಿನಲ್ಲಿ ಚಾಲ್ತಿ ಇದೆ. ಆರ್‌ಸಿಯೂ ಅದರಲ್ಲೇ ಹಾಕಿಡಿ. ಟ್ರಂಕು, ಸ್ವೀಟ್ ಡಬ್ಬ ಸಾಕು ಮಾಡಿ.

ಬೇವಿನಗಿಡ | ಜೂನ್ 19

ಹಳೇ ಥ್ರೆಡ್ ಎಬ್ಬಿಸುತ್ತಿದ್ದೇನೆ. ಎರಡು ತಿಂಗಳಿಂದ ದಿನಾ 36 ಕಿಲೋಮೀಟರ್. ಮೊನ್ನೆ ಮಳೆಯಲ್ಲಿ ಒಂದು ಮನೆಗೆ ಹೋಗಬೇಕಿತ್ತು, ಡಾಂಬರ್ ಬಿಟ್ಟು ಹೊಲದ ದಾರಿ. ನೂರು ಮೀಟರ್ ಹೋಗಿಲ್ಲ, ಎರೆ ಮಣ್ಣು ಮುಂದಿನ ಗಾಲಿಗೂ ಮಡ್ಗಾರ್ಡ್‌ಗೂ ನಡುವೆ ತುಂಬಿ ಗಾಲಿ ತಿರುಗುವುದೇ ನಿಂತಿತು. ತಳ್ಳಿದರೂ ಬರಲ್ಲ. ಒಬ್ಬ ಅಜ್ಜ ಜಾಲಿ ಕಟ್ಟಿಗೆ ತಂದು ಕೆದರಿ ತೆಗೆದ. "ಈ ಕಟ್ಟಿಗೆ ಗಾಡಿಗೇ ಕಟ್ಟಿಕೋ ಬೇ" ಅಂತ ಕೊಟ್ಟ. ಕಟ್ಟಿಕೊಂಡಿದ್ದೇನೆ.

ಅವತ್ತಿನಿಂದ ಚೈನ್ ಕರ್ ಕರ್ ಅನ್ನುತ್ತಿದೆ.

ಗ್ಯಾರೇಜ್ ಮಾಮಾ | ಜೂನ್ 19

ಮಣ್ಣು ಕುಡಿದಿದೆ. ಸೀಮೆ ಎಣ್ಣೆ ಇಲ್ಲಾಂದ್ರೆ ಡೀಸೆಲ್‌ನಲ್ಲಿ ಬ್ರಷ್ ಹಾಕಿ ತೊಳೆದು, ಒಣಗಿದ ಮೇಲೆ ಗೇರ್ ಆಯಿಲ್ ಬಿಡು. ಚೈನ್ ನಡುವೆ ಬೆರಳಿಂದ ಎತ್ತಿ ನೋಡು, ಎರಡು ಮೂರು ಸೆಂಟಿಮೀಟರ್ ಆಡಬೇಕು. ಜಾಸ್ತಿ ಜೋತುಬಿದ್ದಿದ್ದರೆ, ಚೈನ್ ಕೂರುವ ಚಕ್ರದ ಹಲ್ಲು ಚೂಪಾಗಿದ್ದರೆ ಚೈನ್, ಚಕ್ರ ಸೇರಿ ಪೂರ್ತಿ ಕಿಟ್ ಬದಲಿಸಬೇಕು, ಚೈನ್ ಒಂದೇ ಬದಲಿಸಿ ಉಪಯೋಗ ಇಲ್ಲ.

ಸ್ಟೇಷನ್ ಬಜಾರ್ | ಜೂನ್ 20

ಇಷ್ಟೆಲ್ಲಾ ಖರ್ಚು ಯಾಕೆ ಸಿಸ್ಟರ್, ಆ ಗಾಡಿ ಮಾರುವುದಿದ್ದರೆ ಹೇಳಿ. ಹಳೇ ಸ್ಪ್ಲೆಂಡರ್‌ಗೆ ನಮ್ಮ ಕಡೆ ಗಿರಾಕಿ ಇದ್ದಾರೆ.

ಬೇವಿನಗಿಡ | ಜೂನ್ 20

ಅಪ್ಪನ ಕಿವಿಗೆ ಬಿದ್ದರೆ ನಿಮ್ಮ ಮನೆ ಹುಡುಕಿಕೊಂಡು ಬರುತ್ತಾರೆ ಅಣ್ಣಾರೆ.

ಮಾಮಾ, ಹಲ್ಲು ಚೂಪಾಗಿಯೇ ಇವೆ. ಶನಿವಾರ ಕಿಟ್ ಹಾಕಿಸಲು ಅಪ್ಪನೂ ಬರುತ್ತಾರಂತೆ, ಹಿಂದೆ ಕೂತು. ಅವರಿಗೊಂದು ಹೆಲ್ಮೆಟ್ ತಗೋಬೇಕು. ರುಮಾಲು ಸುತ್ತಿಕೊಂಡೇ ಹಾಕುತ್ತೇನೆ ಅನ್ನುತ್ತಿದ್ದಾರೆ, ಆ ಸೈಜ್ ಎಲ್ಲಾದರೂ ಸಿಗುತ್ತಾ?